ನಾನು ಗೋಡೆ ಉಜ್ಜುವುದನ್ನು ನಿಲ್ಲಿಸಿದ್ದೇನೆ

ಮಾನ್ಯ ಮುಖ್ಯ ನಿರ್ವಾಹಕರೇ,

ನಾನೊಬ್ಬ ಕೊಳಕು ಹೆಂಗಸು ಎಂದು ತಿಳಿಸುವ ತಮ್ಮ ಪತ್ರ ತಲುಪಿತು. ಕೊಳಕು ಎಂಬ ಪದವನ್ನು ತಾವು ಬಳಸಿಲ್ಲ, ಅಷ್ಟು ಧೈರ್ಯ ತಮ್ಮ ಹೌಸಿಂಗ್ ಅಸೋಸಿಯೇಶನ್ನಿಗೆ ಇಲ್ಲ. 'ಮನೆಯ ಶುಚಿತ್ವದ ಮಟ್ಟ ಕುಸಿದಿರುವುದು ಕಳವಳಕಾರಿ' ಎಂದಿದ್ದೀರಿ. ಹಿಂದಿನ ಕೋಣೆಯ ಗೋಡೆಗೆ ಬೂಷ್ಟು ಹಿಡಿಯಲು ಬಿಟ್ಟದ್ದು ಬಾಡಿಗೆ ಕರಾರಿನ ಉಲ್ಲಂಘನೆ ಎಂದಿದ್ದೀರಿ. ಹೋದ ವರ್ಷ ನೀವೇ ನನ್ನ ಕೈ ಕುಲುಕಿ ಕೊಟ್ಟ 'ಮಾದರಿ ಮನೆ' ಪ್ರಶಸ್ತಿಯನ್ನು ಹಿಂದಿರುಗಿಸಬೇಕು ಎಂದಿದ್ದೀರಿ. ಕೊನೆಗೆ, ಬಸ್ಸಿನಿಂದ ಇಳಿಯುವಾಗ ಕಾಲು ತುಳಿದು ಹೋಗುವವರ ಹಾಗೆ, ನನ್ನ ಏಳು ವರ್ಷದ ಮಗಳು ಉಸಿರಾಡಲು ಒಂದು ಒಣ ಮನೆ ಕೊಡಿ ಎಂಬ ನಮ್ಮ ಅರ್ಜಿಯನ್ನು ಒಂದೇ ಸಾಲಿನಲ್ಲಿ ತಳ್ಳಿಹಾಕಿದ್ದೀರಿ. ನನಗೆ ಸಿಟ್ಟು ಬಂದಿದೆ. ಇದು ಸಿಟ್ಟಿನ ಪತ್ರ. ಓದುವಾಗ ಬೆಚ್ಚಗಿನ ಜಾಗದಲ್ಲಿ ಕೂತಿರುತ್ತೀರಿ ಎಂದು ಬಲ್ಲೆ, ಕೂತೇ ಓದಿ.

ಇದನ್ನು ಕನ್ನಡದಲ್ಲೇ ಬರೆದು, ಮಿಡ್‌ಲ್ಯಾಂಡ್ಸಿನ ನಮ್ಮ ಕನ್ನಡದವರು ತಿಂಗಳಿಗೊಮ್ಮೆ ತರುವ ಪುಟ್ಟ ಪತ್ರಿಕೆಗೆ ಕೊಟ್ಟಿದ್ದೇನೆ. ನನಗೆ ಇಂಗ್ಲಿಷ್ ಬಾರದೆ ಅಲ್ಲ. ಮೈಸೂರಿನಲ್ಲಿ ಬಿ.ಎಸ್ಸಿ. ಮಾಡಿದವಳು. ಎರಡು ಚಳಿಗಾಲ ನಿಮಗೆ ಇಂಗ್ಲಿಷಿನಲ್ಲೇ ಬರೆದೆ. ಪ್ಲೀಸ್ ಅಂತ ಬರೆದೆ, ಕೈಂಡ್ಲಿ ಅಂತ ಬರೆದೆ. ಏನು ಬಂತು, ಮಣ್ಣು! ನಿಮ್ಮ ಪ್ರತಿಯೊಂದು ಪತ್ರದ ಹಿಂಬದಿಯಲ್ಲಿ 'ಇದು ನಿಮ್ಮ ಭಾಷೆಯಲ್ಲಿ ಬೇಕಿದ್ದರೆ ತಿಳಿಸಿ' ಎಂದು ಉರ್ದು, ಪಂಜಾಬಿ, ಗುಜರಾತಿ, ಬಂಗಾಳಿಗಳಲ್ಲಿ ಅಚ್ಚಾಗಿರುತ್ತದೆ. ಕನ್ನಡ ಇರುವುದಿಲ್ಲ. ಬೇಸರವಿಲ್ಲ, ನಾವಿಲ್ಲಿ ಇರುವುದೇ ಬೆರಳೆಣಿಕೆಯಷ್ಟು ಮನೆ. ಆದರೆ ಅರ್ಥವಾಗದ ಪತ್ರವೊಂದು ಕೈಗೆ ಬಂದಾಗ ಅದನ್ನು ಹಿಡಿದುಕೊಂಡು ಅವರಿವರ ಬಾಗಿಲಿಗೆ ಅಲೆಯುವುದು ಹೇಗಿರುತ್ತದೆ ಎಂದು ಒಂದು ಸಲ ನೀವೂ ನೋಡಿ. ಅನುವಾದ ಮಾಡಿಸಿಕೊಳ್ಳಿ. ಮೆತ್ತಗೆ ಮಾಡಬೇಡಿ ಎಂದು ಅನುವಾದಕರಿಗೆ ನನ್ನ ವಿನಂತಿ.

ಈ ಪತ್ರಿಕೆಯ ಓದುಗರಿಗೂ ಎರಡು ಮಾತು ಹೇಳಿಬಿಡುತ್ತೇನೆ. ನಮ್ಮವರಲ್ಲಿ ಹೆಚ್ಚಿನವರು ಡಾಕ್ಟರುಗಳು, ಎಂಜಿನಿಯರುಗಳು. ನಿಮ್ಮದು ಮಾರ್ಟ್‌ಗೇಜ್ ಲೋಕ, ಹಿತ್ತಲಿಗೆ ಗಾಜಿನ ಕನ್ಸರ್ವೇಟರಿ ಕಟ್ಟಿಸುವ ಲೋಕ. ಹೌಸಿಂಗ್ ಅಸೋಸಿಯೇಶನ್ ಅಂದರೇನು ಎಂದು ತಿಳಿದುಕೊಳ್ಳುವ ಪ್ರಸಂಗ ನಿಮಗೆ ಬಂದಿಲ್ಲ, ಬರುವುದೂ ಬೇಡ. ಅದು ಲಾಭಕ್ಕಾಗಿ ನಡೆಯದ ಸಂಸ್ಥೆ. ಸರ್ಕಾರದ ಸಹಾಯಧನ, ಬ್ಯಾಂಕಿನ ಸಾಲ ತಂದು ಮನೆ ಕಟ್ಟುತ್ತದೆ, ಹಳೆಯ ಮನೆಗಳನ್ನು ಕೊಂಡು ದುರಸ್ತಿ ಮಾಡುತ್ತದೆ, ಪೇಟೆಯ ಬಾಡಿಗೆ ತೆರಲಾಗದವರಿಗೆ ಕಡಿಮೆ ಬಾಡಿಗೆಗೆ ಕೊಡುತ್ತದೆ. ಮೊದಲು ನಗರಸಭೆಯ, ಅಂದರೆ ಕೌನ್ಸಿಲ್ಲಿನ, ಪಟ್ಟಿಯಲ್ಲಿ ಹೆಸರು ಬರೆಸಬೇಕು. ಇಂಥ ಕಷ್ಟಕ್ಕೆ ಇಷ್ಟು ಪಾಯಿಂಟ್ ಎಂದು ಲೆಕ್ಕ ಹಾಕುತ್ತಾರೆ. ಪಾಯಿಂಟ್ ಸಾಕಷ್ಟಾದರೆ ಕೌನ್ಸಿಲ್ ನಿಮ್ಮ ಹೆಸರು ಸೂಚಿಸುತ್ತದೆ, ಅಸೋಸಿಯೇಶನ್ ಬೀಗದ ಕೈ ಕೊಡುತ್ತದೆ. ನನ್ನ ಗಂಡ ದಿವಾಕರ ಕೆಲಸ ಮಾಡುತ್ತಿದ್ದ ಕಾರಿನ ಬಿಡಿಭಾಗಗಳ ಕಾರ್ಖಾನೆ ಮುಚ್ಚಿತು, ನಮ್ಮ ಸ್ವಂತ ಮನೆ ಬ್ಯಾಂಕಿನ ಪಾಲಾಯಿತು, ೧೯೯೯ರಲ್ಲಿ ಎರಡು ವರ್ಷದ ಸಿಂಚನಾಳನ್ನು ಎತ್ತಿಕೊಂಡು ಕೊವೆಂಟ್ರಿಯ ಫೋಲ್ಸ್‌ಹಿಲ್ಲಿನ ಈ ಸಾಲುಮನೆಗೆ ಬಂದೆವು. ದೀಪಾವಳಿ ಊಟಗಳಲ್ಲಿ 'ಎಲ್ಲಿ ಮನೆ ತಗೊಂಡ್ರಿ?' ಎಂದು ನೀವು ಕೇಳಿದಾಗಲೆಲ್ಲ 'ಊರಿಗೆ ಹತ್ತಿರಾನೇ' ಎಂದು ತೇಲಿಸುತ್ತಿದ್ದೆ. ಈಗ ಗೊತ್ತಾಯಿತಲ್ಲ, ಇನ್ನು ಆ ಪ್ರಶ್ನೆ ಬೇಡ.

ನಿರ್ವಾಹಕರೇ, ನಾನು ಕೃತಘ್ನಳಲ್ಲ. ಬೀಗದ ಕೈ ಕೊಟ್ಟ ದಿನ ಆ ಖಾಲಿ ಅಡುಗೆಮನೆಯಲ್ಲಿ ನಿಂತು ಅತ್ತಿದ್ದೆ. ಹಾಲು ಉಕ್ಕಿಸಿದೆ. ಸದ್ಯ, ಮಗುವಿನ ತಲೆಯ ಮೇಲೊಂದು ಸೂರಾಯಿತು ಅಂದುಕೊಂಡೆ. ಆಮೇಲೆ ಅಕ್ಟೋಬರ್ ಬಂತು. ಹಿಂದಿನ ಕೋಣೆಯ ಗೋಡೆಯಲ್ಲಿ ಮೇಲಿನಿಂದ ಒಂದು ತೇವದ ಗುರುತು ಇಳಿಯಿತು, ಕ್ರಿಸ್‌ಮಸ್ಸಿನ ಹೊತ್ತಿಗೆ ಅದು ಕಪ್ಪಗಾಯಿತು. ಕಾರಣವನ್ನು ಅವತ್ತೇ ಕಂಡುಹಿಡಿದೆ. ಮಳೆ ಬರುವಾಗ ಹಿತ್ತಲಿಗೆ ಹೋಗಿ ಮೇಲೆ ನೋಡಿದೆ, ಅಷ್ಟೆ. ಚಾವಣಿಯ ನೀರು ಹರಿಯುವ ಗಟರ್ ಸೀಳಿದೆ, ನೀರು ಗೋಡೆಯ ಮೇಲೇ ಸುರಿಯುತ್ತದೆ. ಇದನ್ನು ನೋಡಲು ಸರ್ವೇಯರ್ ಬೇಕಿಲ್ಲ, ಕತ್ತು ಇದ್ದರೆ ಸಾಕು.

ಹಾಗಾದರೆ ಆಗಲೇ ಯಾಕೆ ದೂರು ಕೊಡಲಿಲ್ಲ ಎಂದು ಕೇಳುತ್ತೀರಿ. ಕೇಳಿದ್ದೀರಿ ಕೂಡ, ಪತ್ರದ ಎರಡನೆಯ ಪುಟದಲ್ಲಿ. ಹೇಳುತ್ತೇನೆ, ಕೇಳಿ. ನಿಮ್ಮ ಹೌಸಿಂಗ್ ಆಫೀಸರ್ ಬರುವ ಮುಂಚೆ ಪತ್ರ ಹಾಕುತ್ತಾಳೆ: ಇಂಥ ದಿನ ನಿಮ್ಮ ಮನೆಗೆ ಬರುತ್ತೇನೆ. ಮನೆಗೆ ಯಾರೋ ಬರುತ್ತಾರೆ ಎಂದಾಗ ಮೈಸೂರಿನ ಹೆಂಗಸು ಏನು ಮಾಡುತ್ತಾಳೆ? ಹಿಂದಿನ ದಿನ ಸೆರಗು ಸಿಕ್ಕಿಸಿ, ಬ್ಲೀಚ್ ಹಿಡಿದು, ಕಣ್ಣು ಉರಿಯುವವರೆಗೆ ಗೋಡೆ ಉಜ್ಜುತ್ತಾಳೆ. ಅದರ ಮೇಲೆ ಒಂದು ಕೈ ಬಿಳಿ ಬಣ್ಣ ಬಳಿಯುತ್ತಾಳೆ. ಬಾಗಿಲಿಗೆ ರಂಗೋಲಿ ಹಾಕುತ್ತಾಳೆ. ಬಂದವರನ್ನು ಮುಂದಿನ ಕೋಣೆಯ ಒಳ್ಳೆಯ ಸೋಫಾದ ಮೇಲೆ ಕೂರಿಸಿ ಕೋಡುಬಳೆ, ಕೇಸರಿಬಾತು, ಕಾಫಿ ಕೊಡುತ್ತಾಳೆ. ಮನೆಗೆ ಬಂದವರೆದುರು ಗೋಳು ತೋಡಿಕೊಳ್ಳುವುದು ನಮ್ಮಲ್ಲಿ ಅಪಚಾರ. ಅದರಲ್ಲೂ ಆ ಮನೆ ಕೊಟ್ಟವರೇ ಬಂದಿರುವಾಗ!

ನಮ್ಮ ಯಜಮಾನರಂತೂ ಇನ್ನೂ ಒಂದು ಕೈ ಮೇಲೆ. ಆಫೀಸರ್ ಹುಡುಗಿ ಕೋಡುಬಳೆ ಕಡಿಯುತ್ತಾ, "ಎವ್ರಿಥಿಂಗ್ ಆಲ್‌ರೈಟ್ ವಿತ್ ದ ಪ್ರಾಪರ್ಟಿ?" ಎಂದಳು.

"ವೆರಿ ನೈಸ್, ವೆರಿ ನೈಸ್. ನೋ ಪ್ರಾಬ್ಲಮ್," ಎಂದರು ಇವರು.

ಅವಳನ್ನು ಕಳಿಸಿ ಬಾಗಿಲು ಹಾಕಿದವಳೇ ಇವರ ಮೇಲೆ ಹಾರಿಬಿದ್ದೆ. "ಏನ್ರೀ, ಗಟರ್ ವಿಷಯ ಹೇಳೋದಲ್ವಾ?"

"ನೀನ್ ಯಾಕೆ ಹೇಳ್ಲಿಲ್ಲ?"

"ತಿಂತಾ ಕೂತಿದ್ದಳಲ್ಲ, ಆಗ ಹೇಗೆ ಹೇಳೋದು?"

"ನಂಗೂ ಹಂಗೇ ಅನ್ನಿಸ್ತು, ಲೀಲಾ."

ನಗು ಬರುತ್ತಿದೆಯೇ? ನಗಿ. ನಾವೂ ಅವತ್ತು ನಕ್ಕೆವು. ಅವಳು ಕಛೇರಿಗೆ ಹೋಗಿ 'ಗೋಡೆಗಳು ಒಣಗಿವೆ, ನಿರ್ವಹಣೆ ಅತ್ಯುತ್ತಮ' ಎಂದು ಬರೆದಳು. ಮರುವರ್ಷವೂ ಅದೇ ಉಜ್ಜಾಟ, ಅದೇ ಕೋಡುಬಳೆ, ಅದೇ ವರದಿ. ಮೂರನೆಯ ವರ್ಷ ನಿಮ್ಮ ಹೊಳಪು ಕಾಗದದ ವಾರ್ತಾಪತ್ರದಲ್ಲಿ ನನ್ನ ಫೋಟೋ ಬಂತು. ಸೀರೆ ಉಟ್ಟ ನಾನು, ಬಿಳಿ ಗೋಡೆ, ಕೆಳಗೆ 'ನಮ್ಮ ಸಂತುಷ್ಟ ಕಸ್ಟಮರ್'. ಈಗ ನಿಮ್ಮಲ್ಲಿ ಬಾಡಿಗೆದಾರರು ಅನ್ನಬಾರದಂತೆ, ಕಸ್ಟಮರ್ ಅನ್ನಬೇಕಂತೆ. ಸ್ವಾಮೀ, ತರಕಾರಿ ಕೊಳೆತಿದ್ದರೆ ಕಸ್ಟಮರ್ ಪಕ್ಕದ ಅಂಗಡಿಗೆ ಹೋಗುತ್ತಾನೆ. ನಾನು ಎಲ್ಲಿಗೆ ಹೋಗಲಿ? ನಿಮ್ಮ ಪಕ್ಕದ ಅಂಗಡಿ ಯಾವುದು?

ನಗು ನಿಂತದ್ದು ೨೦೦೨ರ ಚಳಿಗಾಲದಲ್ಲಿ. ಸಿಂಚನಾ ಮಲಗುತ್ತಿದ್ದುದು ಆ ಹಿಂದಿನ ಕೋಣೆಯಲ್ಲೇ. ಮೊದಲು ಕೆಮ್ಮು, ಆಮೇಲೆ ಉಬ್ಬಸ. ಒಂದು ಭಾನುವಾರ ಬೆಳಿಗ್ಗೆ ಮಂಚದ ಮೇಲೆ ಎದ್ದು ಕೂತು, ಎರಡೂ ಕೈ ಊರಿ, ಭುಜ ಎತ್ತಿ ಎತ್ತಿ ಉಸಿರಿಗೆ ಒದ್ದಾಡುತ್ತಿದ್ದಳು. ತುಟಿ ನೀಲಿಗಟ್ಟಿತ್ತು. ಮಾತಾಡಲಾಗದೆ ನನ್ನನ್ನೇ ನೋಡುತ್ತಿದ್ದಳು. ಆಂಬುಲೆನ್ಸಿನಲ್ಲಿ ಅವಳ ಮುಖಕ್ಕೆ ಮಾಸ್ಕ್ ಹಿಡಿದು ಕೂತಿದ್ದೆನಲ್ಲ, ಆಗ ನನ್ನ ಕೈಯ ಬ್ಲೀಚ್ ವಾಸನೆ ನನಗೇ ಹೇಸಿಗೆಯಾಯಿತು.

ಅವತ್ತಿನಿಂದ ನಾನು ಬಾಯಿ ಬಿಟ್ಟೆ. ಬರೆದೆ, ಫೋನ್ ಮಾಡಿದೆ, ನಿಮ್ಮ ಕೌಂಟರಿನಲ್ಲಿ ನಂಬರ್ ಚೀಟಿ ಹಿಡಿದು ಕಾದೆ. ನಮ್ಮ ಸ್ನೇಹಿತರೂ ಸಿಂಚನಾಳ ವೈದ್ಯರೂ ಆದ ಡಾಕ್ಟರ್ ಹರಿಶ್ಚಂದ್ರ, ಈ ಮಗುವಿಗೆ ತೇವದ ಕೋಣೆ ಅಪಾಯ ಎಂದು ಬರೆದುಕೊಟ್ಟರು. ಕೊನೆಗೂ ಒಬ್ಬ ಸರ್ವೇಯರ್ ಬಂದ. ಎರಡು ಮುಳ್ಳಿನ ಯಂತ್ರವೊಂದನ್ನು ಗೋಡೆಗೆ ಚುಚ್ಚಿದ, ಅದು ಕುಂಯ್ ಎಂದಿತು. ಮೂಗು ಅರಳಿಸಿದ. ಒಲೆಯ ಮೇಲೆ ನನ್ನ ಸಾರು ಕುದಿಯುತ್ತಿತ್ತು.

"ಮನೆಯಲ್ಲಿ ಅಡುಗೆ ತುಂಬಾ ಮಾಡುತ್ತೀರಾ?" ಎಂದ.

"ದಿನಕ್ಕೆ ಎರಡು ಹೊತ್ತು ಊಟ ಮಾಡುತ್ತೇವೆ. ನಿಮ್ಮ ಮನೆಯಲ್ಲಿ ಹೇಗೆ?" ಎಂದೆ.

"ಅನ್ನ ಬೇಯಿಸುವಾಗ ಹಬೆ ಏಳುತ್ತದೆ. ಇದು ನಿಮ್ಮ ಜೀವನಶೈಲಿಯ ತೇವ."

"ಹಿತ್ತಲಿಗೆ ಬನ್ನಿ, ಗಟರ್ ತೋರಿಸುತ್ತೇನೆ" ಎಂದೆ. ಇವತ್ತಿನ ಕೆಲಸದಲ್ಲಿ ಗಟರ್ ಇಲ್ಲ ಎಂದು ಕೈಗೊಂದು ಕರಪತ್ರ ಕೊಟ್ಟು ಹೋದ. ಪಾತ್ರೆಗೆ ಮುಚ್ಚಳ ಮುಚ್ಚಿ, ಬಟ್ಟೆ ಒಳಗೆ ಒಣಗಿಸಬೇಡಿ, ಕಿಟಕಿ ತೆರೆದಿಡಿ, ಮನೆ ಬೆಚ್ಚಗಿಡಿ. ಜನವರಿಯಲ್ಲಿ! ಕಿಟಕಿ ತೆರೆದು ಮನೆ ಬೆಚ್ಚಗಿಡುವ ವಿದ್ಯೆ ನಿಮ್ಮಲ್ಲಿ ಯಾರಿಗಾದರೂ ಬರುವುದಿದ್ದರೆ ದಯವಿಟ್ಟು ನಮ್ಮ ಬೀದಿಯಲ್ಲೊಂದು ಕ್ಲಾಸು ತೆಗೆಯಿರಿ. ನನ್ನ ಒಗ್ಗರಣೆ ಹಬೆ ಅಡುಗೆಮನೆಯಿಂದ ಹೊರಟು, ಹಜಾರ ದಾಟಿ, ಮಧ್ಯದ ಮೂರು ಗೋಡೆಗಳನ್ನು ಬಿಟ್ಟು, ಸರಿಯಾಗಿ ಒಡೆದ ಗಟರಿನ ಕೆಳಗಿರುವ ಗೋಡೆಯನ್ನೇ ಹುಡುಕಿಕೊಂಡು ಹೋಗಿ ಕೂರುತ್ತದೆಯೇ? ಅಷ್ಟು ಬುದ್ಧಿವಂತ ಹಬೆಯನ್ನು ನೀವು ಕೆಲಸಕ್ಕೆ ಸೇರಿಸಿಕೊಳ್ಳಬೇಕಿತ್ತು.

ಬೇರೆ ಮನೆಗೆ ವರ್ಗಾವಣೆ ಕೇಳಿದೆವು. ನಿಮ್ಮ ಕಛೇರಿ ಏನಂದಿತು? ನಮ್ಮ ಆಫೀಸರ್ ಮೂರು ವರ್ಷ ಬಂದು ನೋಡಿದ್ದಾರೆ, ಮೂರು ಸಲವೂ ಗೋಡೆ ಒಣಗಿತ್ತು, ಸ್ವತಃ ನಿಮ್ಮ ಪತಿ ತೊಂದರೆಯಿಲ್ಲ ಎಂದಿದ್ದಾರೆ. ನನ್ನ ಬ್ಲೀಚು, ನನ್ನ ಬಣ್ಣ, ನನ್ನ ಗಂಡನ ಸೌಜನ್ಯ, ಮೂರೂ ನನ್ನ ವಿರುದ್ಧವೇ ಸಾಕ್ಷಿ ನಿಂತವು. ಮೇಲಿಂದ ನೀವು ಸಮಾಧಾನಕ್ಕೆಂದು 'ಮಾದರಿ ಮನೆ' ಪ್ರಶಸ್ತಿ ಕೊಟ್ಟಿರಿ. ಮಾದರಿ ಮನೆಯಿಂದ ಯಾರಾದರೂ ವರ್ಗಾವಣೆ ಕೇಳುತ್ತಾರೆಯೇ?

ಹೋದ ನವೆಂಬರಿನಲ್ಲಿ ಸಿಂಚನಾ ಮತ್ತೆ ಆಸ್ಪತ್ರೆ ಸೇರಿದಳು. ಬಿಡುಗಡೆಯ ದಿನ ಡಾಕ್ಟರ್ ಹರಿಶ್ಚಂದ್ರ ಮತ್ತು ಅವರ ಹೆಂಡತಿ ಉಷಾ ಬಂದರು. "ಲೀಲಾ, ತಪ್ಪು ತಿಳ್ಕೋಬೇಡ. ಇವಳು ನಮ್ಮನೇಲಿ ಮಲಗ್ಲಿ. ನಮ್ಮನೇಲಿ ಕೋಣೆ ಇದೆ, ಒಣಗಿದೆ," ಎಂದಳು ಉಷಾ. ಎಂಥ ಒಳ್ಳೆಯ ಮಾತು, ಎಂಥ ಹೊಡೆತ! ಅಂದಿನಿಂದ ನನ್ನ ಮಗಳು ಶಾಲೆ ಮುಗಿಸಿ ನನ್ನ ಹತ್ತಿರ ಬರುತ್ತಾಳೆ, ಊಟ ಮಾಡುತ್ತಾಳೆ, ಹೋಮ್‌ವರ್ಕ್ ಮಾಡುತ್ತಾಳೆ. ಆಮೇಲೆ ಅವಳಿಗೆ ಪೈಜಾಮ ಹಾಕಿ, ಮೇಲೆ ಕೋಟು ತೊಡಿಸಿ, ಉಷಾಳ ಕಾರಿಗೆ ಹತ್ತಿಸುತ್ತೇನೆ. ಅಲ್ಲಿ ಅವಳಿಗೆ ಉಬ್ಬಸ ಬರುವುದಿಲ್ಲ. ಉಷಾಳ ಮನೆಯಲ್ಲೂ ಅನ್ನ ಬೇಯುತ್ತದೆ, ನಿರ್ವಾಹಕರೇ. ಸಾರೂ ಕುದಿಯುತ್ತದೆ. ಜೀವನಶೈಲಿ ಎಲ್ಲ ಒಂದೇ, ಗಟರ್ ಮಾತ್ರ ಬೇರೆ.

ಇಷ್ಟಾದ ಮೇಲೆ ಜನವರಿಯಲ್ಲಿ ನಿಮ್ಮ ಕಛೇರಿಯಿಂದ ಫೋನು ಬಂತು. ಲಂಡನ್ನಿನಿಂದ ಇನ್ಸ್‌ಪೆಕ್ಟರುಗಳು ಬರುತ್ತಿದ್ದಾರೆ, ಅಸೋಸಿಯೇಶನ್ನಿನ ಕೆಲಸಕ್ಕೆ ದರ್ಜೆ ಕೊಡುತ್ತಾರೆ, ಮುಖ್ಯ ನಿರ್ವಾಹಕರೇ ಜೊತೆಗಿರುತ್ತಾರೆ, ಮಾದರಿ ಮನೆ ಎಂದು ನಿಮ್ಮ ಮನೆಯನ್ನು ತೋರಿಸಬಹುದೇ? ಆ ಸಮೋಸಾ ಮಾಡುತ್ತೀರಲ್ಲ, ಅದನ್ನೂ ಮಾಡಬಹುದೇ? ನಾನು ಜನ್ಮದಲ್ಲಿ ಸಮೋಸಾ ಮಾಡಿದವಳಲ್ಲ. "ಅದಕ್ಕೇನಂತೆ, ಬನ್ನಿ," ಎಂದೆ.

ಅಭ್ಯಾಸಬಲ ನೋಡಿ, ಫೋನಿಟ್ಟ ತಕ್ಷಣ ಬ್ಲೀಚ್ ತರಲು ಅಂಗಡಿಗೆ ಹೊರಟೆ. ಅಲ್ಲಿ ಪಕ್ಕದ ಮನೆಯ ಜುಬೇದಾ ಸಿಕ್ಕಳು, ಎದುರುಮನೆಯ ಐರಿಷ್ ಮುದುಕಿ ಮಿಸೆಸ್ ಡಾಯ್ಲ್ ಸಿಕ್ಕಳು. ಅವರ ಬುಟ್ಟಿಯಲ್ಲೂ ಬ್ಲೀಚ್! ಅವರ ಮನೆಗೂ ಅದೇ ವಾರ ನಿಮ್ಮ ಆಫೀಸರ್ ಬರುವವಳಿದ್ದಳು. ಆ ಸೋಪಿನ ಶೆಲ್ಫಿನ ಮುಂದೆ ನಿಂತು ಮೂವರೂ ಒಬ್ಬರ ಬುಟ್ಟಿ ಒಬ್ಬರು ನೋಡಿದೆವು. ಜುಬೇದಾ ಮೀರ್‌ಪುರದವಳು, ನಾನು ಮೈಸೂರಿನವಳು, ಆಕೆ ಕಾರ್ಕಿನವಳು. ಬಂದವರೆದುರು ನಾಚಿಕೆಯಾಗಬಾರದೆಂದು ಮೂವರೂ ವರ್ಷಗಟ್ಟಲೆ ನಿಮ್ಮ ಗೋಡೆ ಉಜ್ಜಿದ್ದೆವು. "ನಾಚಿಕೆ ಆಗಬೇಕಾದದ್ದು ಅವರಿಗಲ್ಲವೇನೆ?" ಎಂದಳು ಮಿಸೆಸ್ ಡಾಯ್ಲ್. ಮೂವರೂ ಬಾಟಲಿಗಳನ್ನು ವಾಪಸ್ ಶೆಲ್ಫಿನಲ್ಲಿಟ್ಟೆವು.

ನೀವು ಬರುವ ಹಿಂದಿನ ದಿನ ಯಜಮಾನರಿಗೆ ಹಿಂದಿನ ಕೋಣೆಯ ಗೋಡೆಗೆ ಸಾಲಾಗಿ ಮೊಳೆ ಹೊಡೆಯಲು ಹೇಳಿದೆ.

"ಇಲ್ಲಿ ಯಾಕೆ ಮೊಳೆ?"

"ಬರೋರ ಕೋಟು ನೇತುಹಾಕೋಕೆ."

"ಏನೇ ನಿಂದು, ಗೋಡೆ ಹಿಂಗಿದೆಯಲ್ಲೇ!"

"ಹಿಂಗಿರೋದಕ್ಕೇ."

ನನ್ನ ಮುಖ ನೋಡಿದರು. ಹೋಗಿ ಸುತ್ತಿಗೆ ತಂದರು. ಮದುವೆಯಾದ ಮೇಲೆ ನನ್ನ ಮಾತಿಗೆ ಅವರು ಅಷ್ಟು ಉತ್ಸಾಹದಿಂದ ಕೆಲಸ ಮಾಡಿದ್ದು ಅದೇ ಮೊದಲು.

ಮುಂದಿನದು ನಿಮಗೆ ಗೊತ್ತು. ಬಾಗಿಲಲ್ಲೇ ನಿಮ್ಮ ಕೋಟುಗಳನ್ನು ಇಸಿದುಕೊಂಡೆ. ಅತಿಥಿಗಳ ಕೋಟು ಇಸಿದುಕೊಳ್ಳುವುದು ನಿಮ್ಮ ದೇಶದ ಪದ್ಧತಿಯೇ ಅಲ್ಲವೇ, ನಾನು ಕಲಿತಿದ್ದೇನೆ. ಮುಂದಿನ ಕೋಣೆಯ ಸೋಫಾದ ತುಂಬ ಬಟ್ಟೆ ರಾಶಿ ಹಾಕಿದ್ದೆ, ಹಾಗಾಗಿ ನಿಮ್ಮನ್ನೆಲ್ಲ ಹಿಂದೆ ಕೂರಿಸಬೇಕಾಯಿತು. ತಟ್ಟೆ ತುಂಬ ಕೋಡುಬಳೆ ಕೊಟ್ಟೆ. ಉಪಚಾರದಲ್ಲಿ ಕೊರತೆ ಮಾಡಿದೆನೇ? ನೀವು ಕಡಿದದ್ದು ನುಂಗಲಾರದೆ ಗೋಡೆ ನೋಡುತ್ತಿದ್ದಿರಿ. ಇನ್ಸ್‌ಪೆಕ್ಟರುಗಳಲ್ಲಿ ಹೆಂಗಸೊಬ್ಬರು ಎರಡು ಸಲ ಕೆಮ್ಮಿ, ಇಲ್ಲಿ ಯಾರು ಮಲಗುತ್ತಾರೆ ಎಂದು ಕೇಳಿದರು. "ನನ್ನ ಮಗಳು ಮಲಗುತ್ತಿದ್ದಳು," ಎಂದೆ. "ಈಗೆಲ್ಲಿ?" ಎಂದರು. ಹೇಳಿದೆ. ಮನೆಗೆ ಬಂದವರೆದುರು ಮೊದಲ ಸಲ ಗೋಳು ಹೇಳಿಕೊಂಡೆ, ಪೂರ್ತಿ ಹೇಳಿಕೊಂಡೆ. ನೀವು ನಡುವೆ ಬಾಯಿ ಹಾಕಿ 'ಜೀವನಶೈಲಿ' ಎಂದಿರಿ. ಆಕೆ ನಿಮ್ಮ ಕಡೆ ತಿರುಗಲೂ ಇಲ್ಲ.

ಹೊರಡುವಾಗ ನಿಮ್ಮ ತಿಳಿಕಂದು ಕೋಟನ್ನು ನಾನೇ ಎತ್ತಿಹಿಡಿದು ತೊಡಿಸಿದೆ. ಬೆನ್ನ ಉದ್ದಕ್ಕೂ ಕಪ್ಪು. ಬಾಗಿಲಲ್ಲಿ ನಿಂತು ನೀವು ಕಾರಿನವರೆಗೂ ನಡೆದು ಹೋಗುವುದನ್ನು ನೋಡಿದೆ, ಎದುರುಮನೆಯ ಕಿಟಕಿಯಿಂದ ಮಿಸೆಸ್ ಡಾಯ್ಲ್ ನೋಡಿದಳು, ಜುಬೇದಾ ನೋಡಿದಳು. ಸುಳ್ಳು ಯಾಕೆ ಹೇಳಲಿ, ನನ್ನ ಹೊಟ್ಟೆ ತಣ್ಣಗಾಯಿತು. ಎರಡು ವರ್ಷದಲ್ಲಿ ಅಷ್ಟು ಚೆನ್ನಾಗಿ ನಿದ್ದೆ ಮಾಡಿದ್ದಿಲ್ಲ. ಡ್ರೈಕ್ಲೀನಿಂಗಿಗೆ ಕೊಟ್ಟಿರಾ? ಹೋಗಲಿಲ್ಲ ಅಲ್ಲವೇ? ಅದು ಹೋಗುವುದಿಲ್ಲ, ನನ್ನನ್ನು ಕೇಳಿ. ನಿಮಗದು ಕೋಟಿನ ಬೆನ್ನಿಗೆ ಹತ್ತಿತು. ನನ್ನ ಮಗಳಿಗೆ ಎದೆಯೊಳಗೆ ಹತ್ತಿದೆ.

ಇದಕ್ಕೆ ನೀವು ಗಟರ್ ದುರಸ್ತಿ ಮಾಡಿಸಬಹುದಿತ್ತು. ಏಣಿಯೊಂದು, ಆಳೊಬ್ಬ, ಒಂದು ಬೆಳಗಿನ ಕೆಲಸ. ಅದು ಬಿಟ್ಟು ನನ್ನ ಮೇಲೆ ಪತ್ರ ಬರೆದಿರಿ. ಉಜ್ಜಿದಾಗ ತೇವ ಇಲ್ಲ ಎಂದಿರಿ, ಉಜ್ಜದೆ ಬಿಟ್ಟಾಗ ತೇವ ನನ್ನದೇ ಎಂದಿರಿ. ಯಾವಾಗ ಸ್ವಾಮಿ ಅದು ನಿಮ್ಮದಾಗುವುದು? ನೀವು ಮನೆಯೊಡೆಯರೋ, ಮನೆಯ ನೆಂಟರೋ?

ನಿಮ್ಮ ಪತ್ರ 'ಸದ್ಯ ಯಾವ ಮನೆಯೂ ಖಾಲಿ ಇಲ್ಲ' ಎನ್ನುತ್ತದೆ. ನಮ್ಮ ಬೀದಿಯ ಮೂಲೆಮನೆ ಹೋದ ಬೇಸಿಗೆಯಿಂದ ಖಾಲಿ ಬಿದ್ದಿದೆ. ಕಿಟಕಿಗಳಿಗೆ ತಗಡು ಹೊಡೆದಿದ್ದೀರಿ. ಅಲ್ಲಿದ್ದವರು ಮಗನ ಹತ್ತಿರ ಹೋದರು. ಮಿಸೆಸ್ ಡಾಯ್ಲ್ ಅಲ್ಲಿಗೆ ವಾರವಾರ ಇಸ್ಪೀಟು ಆಡಲು ಹೋಗುತ್ತಿದ್ದವಳು, ಒಂದು ಹನಿ ತೇವ ಕಂಡಿಲ್ಲವಂತೆ. ಯಾರಿಗಾಗಿ ಕಾಯುತ್ತಿದೆ ಆ ಮನೆ? ಪಟ್ಟಿಯಲ್ಲಿ ಅಷ್ಟೊಂದು ಜನ ಕಾದಿರುವಾಗ ಒಣ ಮನೆಗೆ ತಗಡು ಹೊಡೆದು, ಒದ್ದೆ ಮನೆಗೆ ಪ್ರಶಸ್ತಿ ಕೊಡುವವರನ್ನು ಏನೆಂದು ಕರೆಯಬೇಕೋ ನನಗೆ ತಿಳಿಯದು. ಮೈಸೂರಿನ ನಮ್ಮ ಓಣಿಯಲ್ಲಿ ಒಂದು ಮಾತಿದೆ, ಅದು ಈ ಪತ್ರಿಕೆಯಲ್ಲಿ ಅಚ್ಚಾಗುವಂಥದ್ದಲ್ಲ.

ನನ್ನ ಬೇಡಿಕೆ ಹೇಳಿಬಿಡುತ್ತೇನೆ. ಈ ತಿಂಗಳು ಇಪ್ಪತ್ತೊಂದಕ್ಕೆ ನಮಗೆ ಯುಗಾದಿ. ಅಷ್ಟರೊಳಗೆ ಆ ಮೂಲೆಮನೆಯ ಬೀಗದ ಕೈ ಕೊಡಿ. ಹಬ್ಬದ ಬೆಳಿಗ್ಗೆ ನನ್ನ ಮಗಳು ನನ್ನ ಮನೆಯಲ್ಲಿ ಎದ್ದು, ನನ್ನ ಕೈಯಲ್ಲಿ ಎಣ್ಣೆ ಹಚ್ಚಿಸಿಕೊಳ್ಳಬೇಕು, ಬೇರೆಯವರ ಮನೆಯಿಂದ ಕೋಟು ಹಾಕಿಕೊಂಡು ಬರಬಾರದು. ಜುಬೇದಾ, ಮಿಸೆಸ್ ಡಾಯ್ಲ್ ಸೇರಿದಂತೆ ಇಡೀ ಸಾಲಿನ ಗಟರ್ ಬದಲಾಯಿಸಿ. ಅಲ್ಲಿಯವರೆಗೆ ಈ ಬೀದಿಯಲ್ಲಿ ಯಾರೂ ಗೋಡೆ ಉಜ್ಜುವುದಿಲ್ಲ. ಮಾತಾಗಿದೆ. ನಿಮ್ಮ ಪ್ರಶಸ್ತಿಯನ್ನು ನಾನು ಹಿಂದಿರುಗಿಸುವುದಿಲ್ಲ. ಬೇಕಿದ್ದರೆ ಬಂದು ತೆಗೆದುಕೊಂಡು ಹೋಗಿ, ಬರುವಾಗ ಹೊಸ ಕೋಟು ಹಾಕಿಕೊಂಡು ಬನ್ನಿ.

ಇನ್ನೊಂದು ವಿಷಯ. ಸಿಂಚನಾ ಪ್ರತಿದಿನ ಉಷಾಳ ಕಾರು ಹತ್ತುವ ಮುಂಚೆ ನನ್ನನ್ನು ಒಂದು ಪ್ರಶ್ನೆ ಕೇಳುತ್ತಾಳೆ. ನವೆಂಬರಿನಿಂದ ನಾನು ಅದಕ್ಕೆ ಒಂದೊಂದು ಸುಳ್ಳು ಹೇಳಿದೆ. ಮುಂದಿನ ವಾರ ಅಂದೆ, ಕ್ರಿಸ್‌ಮಸ್ ಆದ ಮೇಲೆ ಅಂದೆ, ಚಳಿ ಹೋಗಲಿ ಅಂದೆ. ಇನ್ನು ನನ್ನ ಕೈಲಾಗದು. ನನಗೆ ಉತ್ತರ ಗೊತ್ತಿಲ್ಲ, ಗೊತ್ತಿರುವವರ ನಂಬರ್ ಕೊಡುತ್ತೇನೆ ಎಂದು ನಿಮ್ಮ ಕಛೇರಿಯ ನಂಬರನ್ನು ಅವಳಿಗೆ ಬಾಯಿಪಾಠ ಮಾಡಿಸಿದ್ದೇನೆ. ಸೋಮವಾರದಿಂದ ಶಾಲೆ ಬಿಟ್ಟ ಮೇಲೆ ದಿನಾ ನಿಮಗೆ ಫೋನ್ ಮಾಡುತ್ತಾಳೆ. ಮೀಟಿಂಗಿನಲ್ಲಿದ್ದಾರೆ ಎಂದರೆ ಕಾಯುತ್ತಾಳೆ, ಕಾದು ಅಭ್ಯಾಸವಿದೆ. ಜೋರಾಗಿ ಮಾತಾಡಲು ಅವಳಿಗೆ ಆಗುವುದಿಲ್ಲ, ನಡುನಡುವೆ ಉಸಿರು ಎಳೆದುಕೊಳ್ಳುತ್ತಾಳೆ, ಸ್ವಲ್ಪ ತಾಳ್ಮೆಯಿಂದ ಕೇಳಿಸಿಕೊಳ್ಳಿ. 'ನಾನು ನಮ್ಮ ಮನೆಯಲ್ಲಿ ಮಲಗುವುದು ಯಾವಾಗ?' ಎಂದು ಕೇಳುತ್ತಾಳೆ. ಏನು ಹೇಳುತ್ತೀರೋ, ನೀವೇ ಹೇಳಿ.

ಇಂತಿ,
ಐದು ವರ್ಷ ನಿಮ್ಮ ಗೋಡೆಯನ್ನು ಪುಕ್ಕಟೆ ತೊಳೆದುಕೊಟ್ಟು ಈಗ ಕೊಳಕಿ ಎನಿಸಿಕೊಂಡ,
ಲೀಲಾವತಿ ದಿವಾಕರ
ಫೋಲ್ಸ್‌ಹಿಲ್, ಕೊವೆಂಟ್ರಿ
ಮಾರ್ಚ್ ೨೦೦೪